ಬಣ್ಣದ ಜೊತೆ ಮಾತೂ ಇರಲಿ

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಸಾಲದ ಅರ್ಜಿಯಲ್ಲಿ ತಪ್ಪು ತುಂಬಿದ ಖಾನೆಗೆ ಕೆಂಪು ಅಂಚು, ಸರಿಯಿದ್ದರೆ ಹಸಿರು ಅಂಚು ಬರುತ್ತದೆ. ಬಣ್ಣಗುರುಡು ಇರುವ ಸದಸ್ಯರೊಬ್ಬರು ‘ತಪ್ಪು ಎಲ್ಲಿದೆಯೆಂದೇ ತಿಳಿಯದು’ ಎಂದರು. ಬೇರೆ ಬಣ್ಣ ಕೊಟ್ಟರೆ ಸಾಕೇ?
– ಓದುಗರು, ಶಿರಸಿ

ಉತ್ತರ: ಸಾಲದು. ಯಾವ ಬಣ್ಣ ಕೊಟ್ಟರೂ ಅದನ್ನು ಗುರುತಿಸಲಾಗದವರು ಇದ್ದೇ ಇರುತ್ತಾರೆ. ಕೆಂಪು–ಹಸಿರು ಭೇದ ತಿಳಿಯದಿರುವುದು ಹೆಚ್ಚಾಗಿ ಹುಟ್ಟಿನಿಂದಲೇ ಬರುತ್ತದೆ. ಅದಕ್ಕೆ ಕಾರಣವಾದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡಸರಲ್ಲೇ ಅಧಿಕ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದೆ.

ಕೆಂಪು ಅಂಚು ಇರಲಿ. ಖಾನೆಯ ಕೆಳಗೇ ‘ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು’ ಎಂದು ಬರೆಯಿರಿ. ಆ ಸಾಲನ್ನು ಕೋಡ್‌ನಲ್ಲಿ ಖಾನೆಗೆ ಜೋಡಿಸಿದರೆ, ಕಣ್ಣೇ ಕಾಣದವರಿಗೂ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಬರಹದ ನಡುವಿನ ಲಿಂಕ್‌ಗೆ ಅಡಿಗೆರೆ ಹಾಕಿ, ನಕ್ಷೆಯ ಪ್ರತಿ ಗೆರೆಯ ಪಕ್ಕ ಹೆಸರು ಬರೆಯಿರಿ. ಮುಗಿದ ಪುಟವನ್ನು ಕಪ್ಪು–ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ: ಆಗಲೂ ಎಲ್ಲ ಅರ್ಥವಾಗಬೇಕು.

ಪ್ರಶ್ನೆ: ಕಾಲೇಜಿನ ವೆಬ್‌ಸೈಟಿನಲ್ಲಿ ಬಿಳಿಯ ಮೇಲೆ ತಿಳಿಬೂದು ಅಕ್ಷರಗಳಿವೆ. ಕಣ್ಣಿಗೆ ಪೊರೆ ಬಂದಿರುವ ಪೋಷಕರಿಗೆ ಓದಲಾಗುತ್ತಿಲ್ಲ. ಗಾಢ ಮಾಡಿದರೆ ಅಂದ ಕೆಡುತ್ತದೆ ಎನ್ನುತ್ತಾರೆ ಮೇಲಿನವರು. ಎಷ್ಟು ಗಾಢವಿರಬೇಕು?
– ಓದುಗರು, ಹಾಸನ

ಉತ್ತರ: ಪೊರೆ ಬಂದಾಗ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಮಸುಕಾಗುತ್ತದೆ. ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎರಡನೇ ಹಂತದ ಪ್ರಕಾರ ಈ ಅಂತರ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು. ಬಿಳಿಯ ಮೇಲೆ 999999 ಸಂಕೇತದ ಬೂದು ಬಣ್ಣದ ಅಂತರ ಬರೀ 2.85. 767676 ಆದರೆ 4.5 ದಾಟುತ್ತದೆ, 595959 ಆದರೆ 7 ಮುಟ್ಟುತ್ತದೆ.

ಕನ್ನಡಕ್ಕೆ 7 ಇರಲಿ ಎಂಬುದು ನನ್ನ ಸಲಹೆ. ನಮ್ಮ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು, ಮೊದಲು ಕರಗಿಹೋಗುವುದೂ ಅವೇ. ಒತ್ತು ಕಾಣದಿದ್ದರೆ ಪದವೇ ಬೇರೆಯಾಗುತ್ತದೆ. ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಮಸುಕು ದೃಷ್ಟಿಗೆ ಪುಟ ಹೇಗೆ ಕಾಣುತ್ತದೆಂದು ಪರೀಕ್ಷಿಸಬಹುದು. ಅದನ್ನು ಮೇಲಿನವರಿಗೇ ತೋರಿಸಿ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆ ಮಾತಿನ ಬಲದಿಂದ ಧೈರ್ಯವಾಗಿ ಕೇಳಿ. ಶುಲ್ಕ ಕಟ್ಟುವ ಕೊನೆಯ ದಿನಾಂಕ ಪೋಷಕರ ಕಣ್ಣಿಗೆ ಬೀಳದ ಪುಟವನ್ನು ಅಂದವೆಂದು ಕರೆಯಲಾಗದು.