ಬೇರು ಕಾಯುವ ಜೀವಾಣು ಮದ್ದು ಮಾಡುವುದು ಯಾವಾಗ?



ಬೇರು ಕೊಳೆಯದಿರಲೆಂದು ಅಡಿಕೆ, ಮೆಣಸಿನ ಬುಡಕ್ಕೆ ಸ್ಯೂಡೊಮೊನಾಸ್ ಪುಡಿ ಹಾಕುವುದು ನಮಗೆಲ್ಲ ತಿಳಿದದ್ದೇ. ಒಂದು ತೋಟದಲ್ಲಿ ಗುಣ ಕಾಣುತ್ತದೆ, ಪಕ್ಕದ ತೋಟದಲ್ಲಿ ದುಡ್ಡು ಮಣ್ಣುಪಾಲಾಗುತ್ತದೆ. ಇದಕ್ಕೆ ಕಾರಣ ಹಲವು. ಒಂದು ಕಾರಣ ಆ ಜೀವಾಣುವಿನ ಒಳಗೇ ಇದೆ.

ಪುಡಿಯಲ್ಲಿರುವುದು ಸಿದ್ಧ ಮದ್ದಲ್ಲ, ಮದ್ದು ಮಾಡಬಲ್ಲ ಬ್ಯಾಕ್ಟೀರಿಯ. ಮದ್ದು ಮಾಡುವ ಕ್ರಮ ಅದರ ಡಿ.ಎನ್.ಎ.ಯಲ್ಲಿದೆ. ಡಿ.ಎನ್.ಎ.ಯನ್ನು ಸಂಘದ ಲೆಡ್ಜರ್ ಎಂದುಕೊಳ್ಳಿ. ಲೆಡ್ಜರ್ ನೋಡಿ ಬರೆದ ಚೀಟಿ ಗೋದಾಮಿಗೆ ಹೋದರೆ ಗೊಬ್ಬರ ಹೊರಬರುತ್ತದೆ. ಆ ಚೀಟಿಯೇ ಆರ್.ಎನ್.ಎ.

ಜೀವಾಣುಗಳು ವಿರಳವಾಗಿದ್ದಾಗ ಚೀಟಿ ಬರೆದರೂ ಸರಕು ಹೊರಡದು. ಒಂದು ಬಗೆಯ ಪ್ರೋಟೀನು ಕಾವಲುಗಾರನಂತೆ ಚೀಟಿಯ ಮೇಲೆ ಕೈಯಿಟ್ಟು ಓದಗೊಡದು. ಒಂಟಿ ಜೀವಾಣು ಮದ್ದು ಮಾಡಿದರೆ ಅದು ಕಣ್ವ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಸಂಖ್ಯೆ ಹೆಚ್ಚಿದಾಗ ಅವು ಹೊರಬಿಡುವ ಸಂಕೇತ ವಸ್ತು ಸುತ್ತ ಸೇರುತ್ತದೆ. ಅದನ್ನರಿತ ಜೀವಾಣು ಪುಟ್ಟ ಆರ್.ಎನ್.ಎ.ಗಳನ್ನು ರಾಶಿ ರಾಶಿ ತಯಾರಿಸುತ್ತದೆ. ಇವುಗಳಲ್ಲಿ ಯಾವ ಸರಕಿನ ಹೆಸರೂ ಇಲ್ಲ. ಕಾವಲುಗಾರ ಹಿಡಿಯುವ ಗುರುತು ಮಾತ್ರ ಹಲವು ಸಲ ಇದೆ. ಕಾವಲುಗಾರರು ಈ ಹುಸಿ ಚೀಟಿಗಳಿಗೆ ಅಂಟಿಕೊಂಡಾಗ ನಿಜವಾದ ಚೀಟಿ ಬಿಡುಗಡೆಯಾಗಿ, ಶಿಲೀಂಧ್ರ ಕೊಲ್ಲುವ ಮದ್ದು ಸಿದ್ಧವಾಗುತ್ತದೆ.

ಸ್ವಿಟ್ಜರ್ಲೆಂಡಿನ ಹೊಗೆಸೊಪ್ಪಿನ ಹೊಲದಲ್ಲಿ ಸಿಕ್ಕ ಇಂಥದೇ ಒಂದು ಸ್ಯೂಡೊಮೊನಾಸ್ ತಳಿಯಲ್ಲಿ ಲೊಸಾನ್ ವಿಶ್ವವಿದ್ಯಾನಿಲಯದ ಡೀಟರ್ ಹಾಸ್ ಮತ್ತು ಸಂಗಡಿಗರು ಇಂಥ 3 ಪುಟ್ಟ ಆರ್.ಎನ್.ಎ.ಗಳನ್ನು ಗುರುತಿಸಿದರು. 2005ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮೂರನ್ನೂ ತೆಗೆದುಹಾಕಿದಾಗ, ಬೇರುಕೊಳೆಯಿಂದ ಸೌತೆ ಗಿಡವನ್ನು ಕಾಯುವ ಶಕ್ತಿ ಆ ಜೀವಾಣುವಿಗೆ ಉಳಿಯಲಿಲ್ಲ.

ಎಲ್ಲ ತಳಿಗಳ ಮದ್ದೂ ಒಂದೇ ಅಲ್ಲ. ಆದರೂ ದೊಡ್ಡಮಳೂರಿನ ತೋಟದವರಾಗಲಿ ಮಲೆನಾಡಿನವರಾಗಲಿ ನೆನಪಿಡಬೇಕಾದ್ದು ಇಷ್ಟು:

1. ಅವಧಿ ಮೀರಿದ, ಬಿಸಿಲಿನಲ್ಲಿಟ್ಟ ಪುಡಿ ಕೊಳ್ಳಬೇಡಿ. ಸತ್ತ ಜೀವಾಣು ಚೀಟಿ ಬರೆಯದು.

2. ಒಣ ಮಣ್ಣಿಗೆ ಬರಿದೇ ಎರಚಬೇಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಹಸಿ ಆರದಂತೆ ಸುಮಾರು 15 ದಿನ ಇಟ್ಟು, ಆಮೇಲೆ ಬೇರಿನ ಸುತ್ತ ಹಾಕಿ.

3. ಮೈಲುತುತ್ತ-ಸುಣ್ಣದ ದ್ರಾವಣದೊಡನೆ ಬೆರೆಸಬೇಡಿ. ತಾಮ್ರವು ಶಿಲೀಂಧ್ರದಂತೆ ಈ ಜೀವಾಣುವನ್ನೂ ಕೊಲ್ಲಬಲ್ಲುದು. ಎರಡರ ನಡುವೆ 15 ದಿನವಾದರೂ ಅಂತರವಿರಲಿ.

ಬುಡಕ್ಕೆ ಪುಡಿ ಬಿದ್ದರಷ್ಟೇ ಸಾಲದು. ಜೀವಾಣು ಅಲ್ಲಿ ಬದುಕಿ, ಗುಂಪುಗೂಡಬೇಕು. ಆಗಲೇ ಮದ್ದು.