ಸ್ನಾಯು ದೌರ್ಬಲ್ಯವುಳ್ಳ ಮಕ್ಕಳ ರಾತ್ರಿಯ ಉಸಿರಾಟ: ಸದಸ್ಯರ ಅಧ್ಯಯನಕ್ಕಾಗಿ

ಬಂಗಾರಪೇಟೆ ಹಾಗೂ ಕೆ.ಜಿ.ಎಫ್. ಭಾಗದಲ್ಲಿ ಉಸಿರಾಟದ ತೊಂದರೆ ಎಂದೊಡನೆ ಗಣಿಯ ದೂಳು, ದಮ್ಮು ನೆನಪಿಗೆ ಬರುವುದು ಸಹಜ. ಆದರೆ ಶ್ವಾಸಕೋಶ ಚೆನ್ನಾಗಿದ್ದೂ ಉಸಿರು ಕುಂದುವ ಮಕ್ಕಳಿದ್ದಾರೆ. ಡುಷೆನ್ ಸ್ನಾಯುಕ್ಷಯ, ಎಸ್.ಎಂ.ಎ. ಎಂದು ಕರೆಯಲಾಗುವ ಬೆನ್ನುಹುರಿ ಸಂಬಂಧಿತ ಸ್ನಾಯುಕ್ಷೀಣತೆ ಮೊದಲಾದ ಕಾಯಿಲೆಗಳಲ್ಲಿ ಕೈಕಾಲುಗಳಂತೆಯೇ ಉಸಿರೆಳೆಯುವ ಸ್ನಾಯುಗಳೂ ದುರ್ಬಲಗೊಳ್ಳುತ್ತವೆ. ಕೊಳವೆಬಾವಿಯಲ್ಲಿ ನೀರಿದ್ದು, ಪೈಪು ಸರಿಯಿದ್ದು, ಮೋಟಾರು ಮಾತ್ರ ಸೋತಂತೆ.

ಈ ಸೋಲು ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ನಿದ್ರೆಯಲ್ಲಿ. ಕನಸು ಬೀಳುವ ಹಂತದ ನಿದ್ರೆಯಲ್ಲಿ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎಲ್ಲರಲ್ಲಿಯೂ ಸಡಿಲಗೊಂಡು, ಉಸಿರಾಟದ ಭಾರವನ್ನು ಬಹುಮಟ್ಟಿಗೆ ವಪೆಯೊಂದೇ ಹೊರುತ್ತದೆ. ವಪೆಯೂ ದುರ್ಬಲವಾಗಿದ್ದರೆ ಉಸಿರಿನ ಆಳ ಕಡಿಮೆಯಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರುತ್ತದೆ. ಬೆಳಗಾದ ಮೇಲೆ ಮಗು ಸುಧಾರಿಸಿಕೊಳ್ಳುತ್ತದೆ. ಆದುದರಿಂದ ಹಗಲಿನಲ್ಲಿ ಪಲ್ಸ್ ಆಕ್ಸಿಮೀಟರ್ 98 ತೋರಿಸಿದರೂ ಅದು ರಾತ್ರಿಯ ಸ್ಥಿತಿಗೆ ಸಾಕ್ಷಿಯಲ್ಲ.

ಇಂತಹ ಮಗು ಏದುಸಿರು ಬಿಡಲೇಬೇಕೆಂದಿಲ್ಲ. ಹಾಗೆ ಏದುವುದಕ್ಕೂ ಸ್ನಾಯುಬಲ ಬೇಕು. ಗಮನಿಸಬೇಕಾದುದು ಬೇರೆಯೇ: ಬೆಳಗಿನ ತಲೆನೋವು, ಎದ್ದಾಗ ತಿಂಡಿ ಬೇಡವೆನ್ನುವುದು, ರಾತ್ರಿಯ ಬೆವರು, ಕ್ಷೀಣ ಕೆಮ್ಮು, ಪದೇ ಪದೇ ಕಫ, ತರಗತಿಯಲ್ಲಿ ತೂಕಡಿಕೆ. ತೂಕಡಿಸುವ ಮಗುವನ್ನು ಸೋಮಾರಿಯೆಂದು ಜರೆಯುವುದು ಅನ್ಯಾಯ. ಮಗ್ಗುಲು ಬದಲಿಸೆಂದು ಮಗು ರಾತ್ರಿ ಹಲವು ಬಾರಿ ಕರೆಯುವುದನ್ನು ತಾಯಿ ರೋಗಲಕ್ಷಣವೆಂದು ಹೇಳುವುದಿಲ್ಲ, ತನ್ನ ಕೆಲಸವೆಂದು ಸುಮ್ಮನಿರುತ್ತಾಳೆ. ಆದ್ದರಿಂದ ಆಶಾ ಕಾರ್ಯಕರ್ತೆಯರು "ನಿನ್ನೆ ರಾತ್ರಿ ಎಷ್ಟು ಬಾರಿ ಎದ್ದಿರಿ?" ಎಂದೇ ಕೇಳುವುದು ಒಳಿತು.

ಡುಷೆನ್ ಬಹುತೇಕ ಗಂಡುಮಕ್ಕಳಲ್ಲಿ ಕಂಡುಬರುವ ಕಾಯಿಲೆ. ಅದರಲ್ಲಿ ಈ ತೊಂದರೆ ಹೆಚ್ಚಾಗಿ ನಡಿಗೆ ನಿಂತ ನಂತರದ್ದು. ತೀವ್ರ ಎಸ್.ಎಂ.ಎ. ಇರುವ ಶಿಶುವಿನಲ್ಲಿ ಉಸಿರೆಳೆದಾಗ ಹೊಟ್ಟೆ ಉಬ್ಬಿ ಎದೆ ಒಳಕ್ಕೆ ಸರಿಯುತ್ತದೆ. ಕೆಲವು ಜನ್ಮಜಾತ ಸ್ನಾಯುರೋಗಗಳಲ್ಲಿ ಮಗು ನಡೆದಾಡುತ್ತಿರುವಾಗಲೇ ರಾತ್ರಿಯ ಉಸಿರು ಕುಂದಬಹುದು.

ಖಚಿತಪಡಿಸಿಕೊಳ್ಳಲು ರಾತ್ರಿಯಿಡೀ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಎರಡನ್ನೂ ಅಳೆಯಬೇಕು. ಸ್ನಾಯುರೋಗ ತಜ್ಞರಿರುವ ನಿಮ್ಹಾನ್ಸ್ ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನಲ್ಲಿದೆ. ತೊಂದರೆ ದೃಢಪಟ್ಟರೆ ಮಲಗುವಾಗ ಮುಖಗವಸಿನ ಮೂಲಕ ಗಾಳಿಯೊತ್ತುವ ಬೈಪ್ಯಾಪ್ ಯಂತ್ರವನ್ನು ವೈದ್ಯರು ಸೂಚಿಸುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1960ರ ದಶಕದ ಡುಷೆನ್ ರೋಗಿಗಳ ಮರಣದ ಸರಾಸರಿ ವಯಸ್ಸು 14.4 ವರ್ಷವಿತ್ತು, 1990ರ ನಂತರ ಯಂತ್ರದ ನೆರವು ಪಡೆದವರಲ್ಲಿ ಅದು 25.3 ವರ್ಷಕ್ಕೇರಿತು.

ಒಂದು ಎಚ್ಚರಿಕೆ ಅಗತ್ಯ. ಇಂತಹ ಮಕ್ಕಳಿಗೆ ಬರಿಯ ಆಮ್ಲಜನಕ ಕೊಟ್ಟರೆ ಆಕ್ಸಿಮೀಟರಿನ ಅಂಕಿ ಏರುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೇ ಹೆಚ್ಚಬಹುದು. ತುರ್ತು ಸಮಯದಲ್ಲಿ ಮಗುವಿಗೆ ಸ್ನಾಯುರೋಗವಿದೆ ಎಂಬುದನ್ನು ಆಂಬುಲೆನ್ಸ್ ಸಿಬ್ಬಂದಿಗೂ ವೈದ್ಯರಿಗೂ ಮೊದಲೇ ತಿಳಿಸಿ, ಮನೆಯ ಯಂತ್ರವನ್ನು ಜೊತೆಯಲ್ಲಿ ಒಯ್ಯಬೇಕು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪಟ್ಟಿಯಲ್ಲಿ ಇಂತಹ ಮಕ್ಕಳ ಹೆಸರು ಇದೆಯೇ ಎಂಬುದನ್ನು ಸದಸ್ಯರು ಪರಿಶೀಲಿಸತಕ್ಕದ್ದು. ಶೇ. 5ರ ನಿಧಿಯೆಂದರೆ ತ್ರಿಚಕ್ರ ವಾಹನವೆಂಬ ರೂಢಿ ಬೆಳೆದಿದೆ; ಹಾಸಿಗೆ ಹಿಡಿದ ಬಾಲಕನಿಗೆ ಅದರಿಂದ ಪ್ರಯೋಜನವಿಲ್ಲ. ಬೈಪ್ಯಾಪ್ ವಿದ್ಯುತ್ತಿನಿಂದ ನಡೆಯುವುದರಿಂದ, ಬ್ಯಾಟರಿ ಅಥವಾ ಇನ್ವರ್ಟರಿಗೆ ಮಾರ್ಗಸೂಚಿಯ ಮಿತಿಯಲ್ಲಿ ನೆರವು ಸಾಧ್ಯವೇ ಎಂಬುದನ್ನು ಕ್ರಿಯಾಯೋಜನೆಯ ಸಭೆಯಲ್ಲಿ ಚರ್ಚಿಸಬಹುದು. ಯಂತ್ರವಿರುವ ಮನೆಯ ಆರ್.ಆರ್. ಸಂಖ್ಯೆಯನ್ನು ಬೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ನೀಡಿ, ರಾತ್ರಿ ವೇಳೆಯ ವಿದ್ಯುತ್ ನಿಲುಗಡೆಯ ಮುನ್ಸೂಚನೆ ಆ ಮನೆಗೆ ತಲುಪುವಂತೆ ಕೋರಬೇಕು.