ಕೆಎ-64 ಗಾಡಿ ನೇಪಾಳಕ್ಕೆ ಹೊರಟರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗಾಡಿಗಳಿಗೆ ಮಧುಗಿರಿಯ ಎಆರ್‌ಟಿಒ ಕಚೇರಿಯಲ್ಲಿ ಸಿಗುವ ನಂಬರು ಕೆಎ-64. ಇಲ್ಲಿನ ಯುವಕ ಸಂಘವೊಂದು ಕಂಬಳಿ, ನೋಟ್‌ಬುಕ್ಕು, ಒಂದಿಷ್ಟು ಔಷಧಿ ಜೀಪಿಗೆ ತುಂಬಿಕೊಂಡು ನೇಪಾಳದ ಬೆಟ್ಟದೂರಿನ ಶಾಲೆಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಪಾವಗಡದವರಿಗೆ ಆಂಧ್ರದ ಗಡಿ ದಾಟುವುದು ದಿನನಿತ್ಯದ ಮಾತು. ದೇಶದ ಗಡಿಯಲ್ಲಿ ಆ ಸಲುಗೆ ನಡೆಯುವುದಿಲ್ಲ. ಸಭೆಗಳಲ್ಲಿ ಚರ್ಚೆಯೆಲ್ಲ ಟೈರು, ಟೆಂಟಿನದೇ. ಕಾನೂನಿನ ಮಟ್ಟಿಗೆ ಗಾಡಿ ದಾಟಿಸುವುದು ಸಲೀಸು. ತೊಡಕಿರುವುದು ಗಾಡಿಯೊಳಗಿನ ಸಾಮಾನಿನಲ್ಲಿ, ಅದರ ಹಿಂದಿನ ದುಡ್ಡಿನಲ್ಲಿ.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ನಮ್ಮ ಡಿಎಲ್ ಅಲ್ಲಿಯೂ ನಡೆಯುತ್ತದೆ. ನೇಪಾಳ, ಭೂತಾನ್ ಬಿಟ್ಟು ಮುಂದೆ ಹೋಗುವವರು ಮಾತ್ರ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಆರ್‌ಟಿಒದಲ್ಲಿ ಅರ್ಜಿ ಹಾಕಬೇಕು. ಇರಾನಿನಂಥ ದೇಶಗಳು ಗಾಡಿಗೆ ‘ಕಾರ್ನೆಟ್’ ಎಂಬ ಸುಂಕದ ಖಾತರಿ ಪುಸ್ತಕವನ್ನೂ ಕೇಳುತ್ತವೆ. ಅದನ್ನು ಕೊಡುವುದು ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್.

ಇಂಥ ಯಾತ್ರೆಗೆ ಹಳೇ ಜೀಪಿನ ಮೇಲೇ ಎಲ್ಲರಿಗೂ ಮೋಹ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ; ಫಾರಂ 25ರಲ್ಲಿ ನವೀಕರಿಸದೆ ಹೊರಡಬೇಡಿ. ಸಾಲ ತೀರಿಲ್ಲವಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಮಾಲೀಕರು ಜೊತೆಗಿಲ್ಲವಾದರೆ ಅವರ ಅಧಿಕಾರ ಪತ್ರ ಕೈಯಲ್ಲಿರಲಿ. ವಿಮಾ ಪಾಲಿಸಿಯ ವ್ಯಾಪ್ತಿ ಭಾರತಕ್ಕಷ್ಟೇ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಅದನ್ನು ನೇಪಾಳಕ್ಕೂ ವಿಸ್ತರಿಸಿಕೊಡುತ್ತಾರೆ. ಏಜೆಂಟರು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಿ. ಬಿಳಿ ಬೋರ್ಡಿನ ಗಾಡಿಯಲ್ಲಿ ಸೀಟಿಗಿಷ್ಟು ಎಂದು ದುಡ್ಡೆತ್ತಿದರೆ ಅದು ಬಾಡಿಗೆ ಓಡಾಟವಾಗುತ್ತದೆ. ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಅದಕ್ಕೆ ಪರ್ಮಿಟ್ ಬೇಕು.

ಇನ್ನು ಸಾಮಾನು. ದಾನದ್ದಾದರೂ ಗಡಿ ದಾಟಿದರೆ ಅದು ರಫ್ತೇ. ಭೂಮಾರ್ಗದ ರಫ್ತಿಗೆ 1962ರ ಕಸ್ಟಮ್ಸ್ ಕಾಯ್ದೆಯ 50ನೇ ಕಲಂ ಪ್ರಕಾರ ರಫ್ತು ಬಿಲ್ ಸಲ್ಲಿಸಬೇಕು. ನೇಪಾಳಕ್ಕೆ ಒಂದು ಸಲ ಒಯ್ಯುವ ಸರಕಿನ ಬೆಲೆ 25,000 ರೂಪಾಯಿ ಮೀರದಿದ್ದರೆ ಆಮದು-ರಫ್ತು ಕೋಡ್ ಬೇಕಿಲ್ಲ, ಮೀರಿದರೆ ಬೇಕು. ಆಚೆ ಬದಿಯಲ್ಲಿ ನೇಪಾಳದ ಸುಂಕದವರ ಲೆಕ್ಕ ಬೇರೆಯೇ ಇರುತ್ತದೆ. ಔಷಧಿಯಂತೂ ಸ್ವಂತ ಬಳಕೆಯದನ್ನು ಬಿಟ್ಟು, ಅದೂ ವೈದ್ಯರ ಚೀಟಿ ಸಮೇತ, ಬೇರೆ ಒಯ್ಯಲೇಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಮಾಮೂಲಿಯಾಗಿ ಕಾಣುವ ಟ್ರಮಡಾಲ್ ನೋವಿನ ಮಾತ್ರೆ 2018ರಿಂದ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಸಾವಿರಾರು ಕಿಲೋಮೀಟರ್ ಕಂಬಳಿ ಹೊತ್ತೊಯ್ಯುವುದಕ್ಕಿಂತ ಅಲ್ಲಿನ ಅಂಗಡಿಯಲ್ಲೇ ಕೊಂಡು ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಫೋಟೊ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ, ಅಷ್ಟೇ.

ಹಾಗಾದರೆ ದುಡ್ಡು? ವಿದೇಶಿ ದೇಣಿಗೆ ಕಾಯ್ದೆ ಎಂದರೆ ಎಲ್ಲರಿಗೂ ಭಯ. ಅದು ಹೊರಗಿನಿಂದ ಬರುವ ದೇಣಿಗೆಗೆ ಸಂಬಂಧಿಸಿದ್ದು. ಹೊರಗೆ ಹೋಗುವ ಹಣಕ್ಕೆ ಅಡ್ಡ ಬರುವುದು ಆದಾಯ ತೆರಿಗೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ತನ್ನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಆದೇಶವಿಲ್ಲದೆ ಆ ಖರ್ಚಿಗೆ ವಿನಾಯಿತಿ ಸಿಗುವುದಿಲ್ಲ. 1961ರ ಕಾಯ್ದೆಯಲ್ಲಿ ಇದು 11(1)(ಸಿ) ಕಲಂ. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆ, ಆಡಿಟರನ್ನು ಕೇಳಿ. ವರ್ಷಕ್ಕೆ 2,50,000 ಡಾಲರ್ ಹೊರಗೆ ಕಳಿಸುವ ರಿಸರ್ವ್ ಬ್ಯಾಂಕಿನ ಸೌಲಭ್ಯವೂ ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟು, ಸಂಘಗಳಿಗಿಲ್ಲ. ನೇಪಾಳ ಪ್ರವಾಸಕ್ಕೆ ಬ್ಯಾಂಕು ಡಾಲರ್ ಕೊಡುವುದಿಲ್ಲ. 100 ರೂಪಾಯಿವರೆಗಿನ ನೋಟು ಒಯ್ಯಬಹುದು. ಅದಕ್ಕಿಂತ ದೊಡ್ಡ ನೋಟಿನ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ವಿಚಾರಿಸಿ. ಚಂದಾ ಎತ್ತುವ ಮೊದಲು ಸಂಘದ ಬೈಲಾ ತೆಗೆದು ನೋಡಿ. ಉದ್ದೇಶಗಳಲ್ಲಿ ಬರೀ ‘ತಾಲ್ಲೂಕಿನ ಅಭಿವೃದ್ಧಿ’ ಎಂದಿದ್ದರೆ ನೇಪಾಳದ ಶಾಲೆಗೆ ಖರ್ಚು ಬರೆಯಲಾಗದು.

ಕಚೇರಿಗಳಲ್ಲಿ ಕೆಲಸ ತಡೆದರೆ ಏನು ಮಾಡಬಹುದು? ಆರ್‌ಟಿಒ ಅರ್ಜಿ ‘ಸಕಾಲ’ ಎಂಬ ರಾಜ್ಯದ ಕಾಲಮಿತಿ ಸೇವೆಗಳ ಪಟ್ಟಿಗೆ ಸೇರಿದ್ದರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ನಮ್ಮ ಬದಿಯ ಕಸ್ಟಮ್ಸ್‌ನವರು ಸಾಮಾನು ಜಪ್ತಿ ಮಾಡಿದರೆ ಪಟ್ಟಿಯ ಪ್ರತಿ ಕೇಳಿ. ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳದೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂದು ಕಸ್ಟಮ್ಸ್ ಕಾಯ್ದೆಯ 124ನೇ ಕಲಂ ಹೇಳುತ್ತದೆ.

ಗಡಿಯೂರಾದ ರಕ್ಸೌಲ್ ಅಥವಾ ಸುನೌಲಿ ದಾಟಿದ ಕೂಡಲೇ ನೇಪಾಳದ ‘ಭನ್ಸಾರ್’ ಎಂಬ ಸುಂಕದ ಕಚೇರಿಯಲ್ಲಿ ದಿನದ ಲೆಕ್ಕದ ಶುಲ್ಕ ಕಟ್ಟಿ ಗಾಡಿಯ ಚೀಟಿ ಮಾಡಿಸಬೇಕು. ಅವಧಿ ಮುಗಿಯುವ ಮೊದಲೇ ಗಾಡಿ ವಾಪಸು ಬರಬೇಕು. ಜೀಪನ್ನೂ ಶಾಲೆಗೇ ಕೊಟ್ಟು ಬಸ್ಸಿನಲ್ಲಿ ಬರೋಣ ಎನ್ನುವ ಉದಾರಿಗಳು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಆ ಚೀಟಿಯ ಮೇಲೆ ಅದಕ್ಕೆ ಅವಕಾಶವಿಲ್ಲ. ಅಲ್ಲೇ ಬಿಡುವ ಗಾಡಿಗೆ ನೇಪಾಳದ ಆಮದು ಸುಂಕ ಬೀಳುತ್ತದೆ, ಅದು ಹಳೇ ಜೀಪಿನ ಬೆಲೆಯನ್ನೇ ಮೀರಬಹುದು.